ಸಂತೆಯಿಂದ ಸಂತೆಗೆ: ದೊಡ್ಡವರಿಗೆ ಕಲಿಸುವ ಕೆಲಸ

(ಬಾಗಲಕೋಟೆಯ ನವನಗರದಲ್ಲಿ ಸ್ವಸಹಾಯ ಸಂಘದವರಿಗೆ, ರೈತರಿಗೆ, ಹೊಲಿಗೆ ಕಲಿಯುವವರಿಗೆ ತರಬೇತಿ ಕೊಡುವವರ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತರಬೇತಿಯ ಕೊನೆಯ ದಿನ ಸಂಜೆ ನಾವೆಲ್ಲ ಒಂದು ಹಾಳೆ ಹಂಚುತ್ತೇವೆ. ತರಬೇತಿ ಹೇಗಿತ್ತು? ಊಟ ಹೇಗಿತ್ತು? ಕಲಿಸಿದವರು ಹೇಗೆ ಕಲಿಸಿದರು? ಬಂದವರು ‘ಬಹಳ ಚೆನ್ನಾಗಿತ್ತು’ ಅನ್ನುವ ಕಡೆ ಟಿಕ್ ಹಾಕುತ್ತಾರೆ. ಮಧ್ಯಾಹ್ನ ಶೇಂಗಾ ಹೋಳಿಗೆ ಮಾಡಿಸಿದ್ದರಂತೂ ಕೇಳೋದೇ ಬೇಡ. ಹಾಳೆಗಳನ್ನು ಫೈಲಿಗೆ ಸೇರಿಸಿ, ಗುಂಪು ಫೋಟೋ ಅಂಟಿಸಿ, ವರದಿ ಕಳಿಸಿ ಮುಂದಿನ ಬ್ಯಾಚಿಗೆ ಹೋಗುತ್ತೇವೆ.

1959ರಲ್ಲಿ ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅನ್ನುವ ಪ್ರಾಧ್ಯಾಪಕರು ತರಬೇತಿಯನ್ನು ಅಳೆಯೋದಕ್ಕೆ ನಾಲ್ಕು ಹಂತ ಹೇಳಿದರು. ಬಂದವರಿಗೆ ಇಷ್ಟ ಆಯ್ತಾ? ಕಲಿತರಾ? ಕಲಿತದ್ದನ್ನು ಕೆಲಸದಲ್ಲಿ ಬಳಸುತ್ತಿದ್ದಾರಾ? ಬಳಸಿದ್ದರಿಂದ ಏನಾದರೂ ಬದಲಾಯ್ತಾ? ನಮ್ಮ ಹಾಳೆ ಮೊದಲನೇ ಪ್ರಶ್ನೆಗೇ ನಿಂತುಬಿಡುತ್ತದೆ. ಮಿಕ್ಕ ಮೂರನ್ನು ಕೇಳೋದಕ್ಕೆ ಯಾರೂ ಊರಿಗೆ ಹೋಗೋದಿಲ್ಲ.

ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಕ್ಲಾಸಿನಲ್ಲಿ ಸಲೀಸು ಅನಿಸಿದ್ದು ಊರಿಗೆ ಹೋದ ಮೇಲೂ ಉಳಿಯುತ್ತದೆ ಅಂತ ನಂಬಬೇಡಿ. ಎಷ್ಟೋ ಸಲ ಅದು ಉಲ್ಟಾ. ಕಲಿಯುವಾಗ ಸ್ವಲ್ಪ ತಿಣುಕಿದವರ ಹತ್ತಿರವೇ ಕಲಿತದ್ದು ಜಾಸ್ತಿ ದಿನ ಇರುತ್ತದೆ.

ಇದು ನನ್ನ ಊಹೆ ಅಲ್ಲ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಒಂದು ಪ್ರಯೋಗ ಮಾಡಿದರು. ಒಂದು ಪಾಠವನ್ನು ವಿದ್ಯಾರ್ಥಿಗಳು ಎರಡು ಸಲ ಓದಿದರು. ಇನ್ನೊಂದು ಪಾಠವನ್ನು ಒಂದೇ ಸಲ ಓದಿ, ಹಾಳೆ ಮುಚ್ಚಿ, ನೆನಪಿದ್ದಷ್ಟು ಬರೆದರು. ಬರೆದದ್ದು ಸರಿಯೋ ತಪ್ಪೋ ಅಂತಲೂ ಅವರಿಗೆ ಯಾರೂ ಹೇಳಲಿಲ್ಲ. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು: ಶೇ. 81, ಬರೆದದ್ದು ಶೇ. 75. ಎರಡು ದಿನ ಬಿಟ್ಟು ಕೇಳಿದಾಗ ಓದಿದ್ದು ಶೇ. 54ಕ್ಕೆ ಇಳಿದಿತ್ತು, ಬರೆದದ್ದು ಶೇ. 68ರಲ್ಲಿತ್ತು. ವಾರ ಕಳೆದ ಮೇಲೆ 42 ಮತ್ತು 56.

ಆ ಐದು ನಿಮಿಷದ ಅಂಕಿ ನೋಡಿ. ತರಬೇತಿಯ ಸಂಜೆ ನಾವು ಹಂಚುವ ಹಾಳೆ ಅಳೆಯೋದು ಅದನ್ನೇ. ಆ ಹೊತ್ತಿಗೆ, ಚೆನ್ನಾಗಿ ಹೇಳಿ, ಮತ್ತೊಮ್ಮೆ ಹೇಳಿ, ಸ್ಲೈಡ್ ತೋರಿಸಿದ ತರಬೇತುದಾರರೇ ಗೆದ್ದಿರುತ್ತಾರೆ. ವಾರ ಕಳೆದ ಮೇಲೆ ಯಾರು ಗೆದ್ದರು ಅಂತ ನೋಡುವವರು ಯಾರು?

ಹಾಗಾದರೆ ಎಲ್ಲರಿಗೂ ಪರೀಕ್ಷೆ ಇಡೋಣವಾ? ಆ ಪದವನ್ನೇ ಎತ್ತಬೇಡಿ. ನಲವತ್ತೈದರ ಹೆಣ್ಣುಮಗಳಿಗೆ ಪರೀಕ್ಷೆ ಅಂದರೆ ಮಾರನೇ ದಿನ ಬರೋದಿಲ್ಲ. ಮೊಮ್ಮಗನಿಗೆ ಜ್ವರ ಅಂತ ಫೋನ್ ಬರುತ್ತದೆ. ಎಲ್ಲರಿಗೂ ಒಂದೊಂದು ಪಾಟಿ, ಬಳಪ ಕೊಡಿ. ಪ್ರಶ್ನೆ ಕೇಳಿ. ಪಕ್ಕದವರನ್ನು ನೋಡದೆ ಬರೆಯಲಿ. ‘ಈಗ ಎತ್ತಿ’ ಅಂದಾಗ ಎಲ್ಲರೂ ಒಟ್ಟಿಗೆ ಪಾಟಿ ಎತ್ತಲಿ. ಇಡೀ ಕೋಣೆಯಲ್ಲಿ ಏನು ತಿಳಿದಿದೆ, ಏನು ತಿಳಿದಿಲ್ಲ ಅನ್ನೋದು ಒಂದೇ ನೋಟಕ್ಕೆ ನಿಮಗೆ ಗೊತ್ತಾಗುತ್ತದೆ. ಯಾರ ಹೆಸರನ್ನೂ ಹಿಡಿಯಬೇಡಿ. ಅಕ್ಷರ ಬಾರದವರಿಗೆ ಎರಡು ಬಣ್ಣದ ಚೀಟಿ ಕೊಟ್ಟರೆ ಸಾಕು, ಹೌದು ಅಂದರೆ ಹಸಿರು, ಅಲ್ಲ ಅಂದರೆ ಕೆಂಪು.

ಒಬ್ಬರನ್ನೇ ಎಬ್ಬಿಸಿ ನಿಲ್ಲಿಸಿ ಕೇಳುವ ಪದ್ಧತಿ ಇದೆಯಲ್ಲ, ಅದನ್ನು ಬಿಡಿ. ದೊಡ್ಡವರಿಗೆ ನಾಲ್ಕು ಮಂದಿ ಮುಂದೆ ಮರ್ಯಾದೆ ಹೋಗುವ ಭಯ ಮಕ್ಕಳಿಗಿಂತ ಜಾಸ್ತಿ. ಅತ್ತೆ, ಸೊಸೆ ಒಂದೇ ಬ್ಯಾಚಿಗೆ ಬಂದಿದ್ದರಂತೂ ದೇವರೇ ಕಾಪಾಡಬೇಕು. ಸೊಸೆಗೆ ಉತ್ತರ ಗೊತ್ತಿದ್ದರೂ ಹೇಳೋದಿಲ್ಲ, ಅತ್ತೆಗೆ ಗೊತ್ತಿಲ್ಲದಿದ್ದರೂ ಒಪ್ಪೋದಿಲ್ಲ. ಅವರನ್ನು ಮೊದಲ ದಿನವೇ ಬೇರೆ ಬೇರೆ ಗುಂಪಿಗೆ ಹಾಕಿ.

ಇನ್ನು ಅಂತರದ ಮಾತು. ಕಲಿತದ್ದು ಮೊದಲು ಬೇಗ ಬೇಗ ಮರೆತುಹೋಗಿ, ಆಮೇಲೆ ಮರೆಯುವ ವೇಗ ನಿಧಾನವಾಗುತ್ತದೆ ಅಂತ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ ತೋರಿಸಿದ್ದರು. ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ ಮನುಷ್ಯ ಆತ. ಆದರೆ ನಮಗೆ ಹೆಚ್ಚು ಹತ್ತಿರದ್ದು 1978ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಪ್ರಕಟಿಸಿದ ಬ್ರಿಟನ್ನಿನ ಅಂಚೆಯವರ ಕತೆ. ಅಲ್ಲಿನ ಅಂಚೆ ಇಲಾಖೆಗೆ ತನ್ನ ನೌಕರರಿಗೆ ಕೀಬೋರ್ಡ್ ಕಲಿಸಬೇಕಿತ್ತು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ ಪಾಠ. ಇನ್ನೊಂದಕ್ಕೆ ಎರಡೆರಡು ಗಂಟೆಯಂತೆ ದಿನಕ್ಕೆ ಎರಡು ಸಲ. ನಡುವೆ ಇನ್ನೆರಡು ಗುಂಪು. ದಿನಕ್ಕೆ ಒಂದು ಗಂಟೆಯವರು ಸುಮಾರು 35 ಗಂಟೆಯಲ್ಲಿ ಕೀಬೋರ್ಡ್ ಕಲಿತರು. ದಿನಕ್ಕೆ ನಾಲ್ಕು ಗಂಟೆಯವರಿಗೆ ಸುಮಾರು 50 ಗಂಟೆ ಬೇಕಾಯಿತು.

ಈಗ ಇದರ ತಮಾಷೆ ಕೇಳಿ. ಯಾವ ಪದ್ಧತಿ ಇಷ್ಟ ಆಯ್ತು ಅಂತ ಕೇಳಿದಾಗ ಎಲ್ಲರಿಗಿಂತ ಕಡಿಮೆ ಖುಷಿಯಾಗಿದ್ದವರು ಆ ಒಂದು ಗಂಟೆಯವರೇ! ದಿನಗಳ ಲೆಕ್ಕದಲ್ಲಿ ಉಳಿದವರು ಬೇಗ ಮುಗಿಸಿದರು, ನಾವಿನ್ನೂ ಇಲ್ಲೇ ಇದ್ದೇವೆ ಅಂತ ಅವರ ಬೇಸರ. ಎಲ್ಲರಿಗಿಂತ ಚೆನ್ನಾಗಿ ಕಲಿಯುತ್ತಿದ್ದವರು ತಾವು ಹಿಂದೆ ಬಿದ್ದಿದ್ದೇವೆ ಅಂದುಕೊಂಡಿದ್ದರು. ಟಿಕ್ ಹಾಕಿಸುವ ಹಾಳೆಯನ್ನು ನಾನು ಯಾಕೆ ನಂಬೋದಿಲ್ಲ ಅಂತ ಈಗ ಗೊತ್ತಾಯ್ತಲ್ಲ?

ಈ ಅಂತರವನ್ನು ನಮ್ಮ ಕಡೆ ಹೊಂದಿಸೋದು ಕಷ್ಟ ಅಲ್ಲ. ಊರಿಗೆ ಸಂತೆ ಇದೆ, ಅಮಾವಾಸ್ಯೆ ಇದೆ. ಇವತ್ತು ಕಲಿಸಿದ್ದನ್ನು ನಾಳೆ ಬೆಳಿಗ್ಗೆ, ಪುಸ್ತಕ ತೆಗೆಯುವ ಮೊದಲೇ ಕೇಳಿ. ಆಮೇಲೆ ಮುಂದಿನ ಸಂತೆಯ ದಿನ ಹತ್ತು ನಿಮಿಷ. ಆಮೇಲೆ ಮುಂದಿನ ಅಮಾವಾಸ್ಯೆಗೆ ಇನ್ನೊಮ್ಮೆ. ಜಾಸ್ತಿ ದಿನ ನೆನಪಿರಬೇಕಾದ ವಿಷಯಕ್ಕೆ ನಡುವಿನ ಅಂತರವೂ ಜಾಸ್ತಿ ಇರಬೇಕು ಅನ್ನೋದು ಸಂಶೋಧನೆಯಿಂದಲೂ ಗೊತ್ತಾಗಿದೆ. ಸೋಮವಾರ ಎತ್ತು ಹೂಡದ ಊರುಗಳು ನಮ್ಮಲ್ಲಿ ಇನ್ನೂ ಇವೆ. ಗಂಡಸರು ಸಿಗಬೇಕಾದರೆ ಆ ದಿನವೇ ಒಳ್ಳೆಯದು. ಕಟ್ಟೆಯ ಮೇಲೆ ಕೂತಿರುತ್ತಾರೆ, ಅಲ್ಲೇ ಕೇಳಿ.

ಇಷ್ಟು ಹೇಳುವಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. “ಅಕ್ಕೋರ, ನಮಗ ಕೊಡೋದ ಮೂರ ದಿನ. ಸಂತಿ, ಅಮಾಸಿ ಅಂತ ಊರೂರು ಎಲ್ಲಿ ತಿರಗೋದ್ರಿ?”

ನ್ಯಾಯವಾದ ಪ್ರಶ್ನೆ. ಎಲ್ಲ ಊರಿಗೂ ನೀವೇ ಹೋಗಬೇಕಿಲ್ಲ. ಸ್ವಸಹಾಯ ಸಂಘದವರಿಗೆ ವಾರದ ಸಭೆ ಹೇಗೂ ಇದೆ. ಆ ಸಭೆಯಲ್ಲಿ ಕೇಳಬೇಕಾದ ಎರಡೇ ಪ್ರಶ್ನೆಯನ್ನು ಮುಂಚೆಯೇ ಚೀಟಿಯಲ್ಲಿ ಬರೆದು, ಮಡಚಿ, ಒಬ್ಬರ ಕೈಗೆ ಕೊಟ್ಟು ಕಳಿಸಿ. ಇಲ್ಲ ಅಂದರೆ ವಾಟ್ಸ್‌ಆಪ್‌ನಲ್ಲಿ ನಿಮ್ಮ ದನಿಯಲ್ಲೇ ಒಂದು ಪ್ರಶ್ನೆ ಕಳಿಸಿ. ಪ್ರಶ್ನೆ ಮಾತ್ರ ಕಳಿಸಿ, ಉತ್ತರ ಕಳಿಸಬೇಡಿ. ನಾವು ಗ್ರೂಪಿಗೆ ಸುಮ್ನೆ ಪಿಡಿಎಫ್ ಹಾಕುತ್ತೇವೆ, ಅವರು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಪ್ರಶ್ನೆ ಬಂದರೆ ಯಾರಾದರೂ ಒಬ್ಬರು ತಪ್ಪು ಉತ್ತರ ಹಾಕುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ. ನಮಗೆ ಬೇಕಿರೋದು ಅದೇ.

ಈಗ ಸಂಘದ ಪುಸ್ತಕಕ್ಕೇ ಬರೋಣ. ಇಲ್ಲಿ ಕೂತಿರುವ ಅರ್ಧ ಜನ ಕಲಿಸೋದು ಅದನ್ನೇ. ರಾಜ್ಯ ಸರ್ಕಾರದ ಸಂಜೀವಿನಿ ಯೋಜನೆಯ ಸಂಘಗಳಿಗೆ ಪಂಚಸೂತ್ರ ಹೇಳಿಕೊಡುತ್ತೀರಿ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಗೊಳಗೇ ಸಾಲ ಕೊಡೋದು, ವೇಳೆಗೆ ಸರಿಯಾಗಿ ಮರುಪಾವತಿ, ಪುಸ್ತಕ ಬರೆಯೋದು. ಐದನೆಯದರಲ್ಲೇ ಎಲ್ಲರೂ ಎಡವೋದು.

ಒಬ್ಬಾಕೆ ಸಂಘದಿಂದ 10,000 ರೂಪಾಯಿ ಸಾಲ ತೆಗೆದುಕೊಂಡಳು ಅನ್ನಿ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ತಿಂಗಳಿಗೆ 1,000 ಅಸಲು ಕಟ್ಟಬೇಕು. ಮೊದಲ ತಿಂಗಳು ಅಸಲು 1,000, ಬಡ್ಡಿ 200. ಎರಡನೇ ತಿಂಗಳು ಬಾಕಿ ಉಳಿದದ್ದು 9,000. ಅದಕ್ಕೆ ಬಡ್ಡಿ 180. ಆದರೆ ಪುಸ್ತಕದಲ್ಲಿ ಮತ್ತೆ 200 ಅಂತ ಬರೆಯುತ್ತಾರೆ. ಮೂರನೇ ತಿಂಗಳೂ 200. ಹತ್ತು ತಿಂಗಳಿಗೆ ಆಕೆ ಕಟ್ಟಬೇಕಿದ್ದ ಬಡ್ಡಿ ಒಟ್ಟು 1,100. ಕಟ್ಟಿದ್ದು 2,000. ಒಬ್ಬ ಬಡ ಹೆಣ್ಣುಮಗಳ ಕೈಯಿಂದ 900 ರೂಪಾಯಿ ಸುಮ್ನೆ ಹೋಯಿತು, ಯಾರೂ ಕದ್ದಿಲ್ಲ.

ಬರೆಯುವಾಕೆಗೆ ಲೆಕ್ಕ ಬರೋದಿಲ್ಲವಾ? ಸಂತೆಯಲ್ಲಿ ಆಕೆಗೆ ಐದು ರೂಪಾಯಿ ಮೋಸ ಮಾಡಿ ನೋಡಿ! ಜೀನ್ ಲೇವ್ ಅನ್ನುವ ಮಾನವಶಾಸ್ತ್ರಜ್ಞೆ ಅಮೆರಿಕದಲ್ಲಿ ದೊಡ್ಡವರ ಲೆಕ್ಕವನ್ನು ಗಮನಿಸಿದ್ದರು. ಅಂಗಡಿಯಲ್ಲಿ ಸಾಮಾನು ಆರಿಸುವಾಗ ಅವರ ಲೆಕ್ಕ ಶೇ. 98ರಷ್ಟು ಸರಿ ಇತ್ತು. ಅಂಥದ್ದೇ ಲೆಕ್ಕವನ್ನು ಹಾಳೆಯ ಮೇಲೆ ಕೊಟ್ಟಾಗ ಸರಾಸರಿ ಶೇ. 59. ತಲೆಯಲ್ಲಿ ಲೆಕ್ಕ ಇದೆ, ಹಾಳೆಗೆ ದಾರಿ ಇಲ್ಲ. ಆದ್ದರಿಂದ ನಮೂನೆ ಹಂಚುವ ಮೊದಲು ಬಾಯಿಲೆಕ್ಕ ಮಾಡಿಸಿ. “ನೀ ಸಾವಿರ ಕಟ್ಟಿದಿ, ಇನ್ನ ಎಷ್ಟು ಉಳೀತು? ಉಳದಿದ್ದಕ್ಕಷ್ಟ ಬಡ್ಡಿ ಕೊಡ್ತಿಯೋ, ಕೊಟ್ಟಿದ್ದಕ್ಕೂ ಕೊಡ್ತಿಯೋ?” ಅಂತ ಕೇಳಿ. ಯಾವ ತಾಯಿಯೂ ಕೊಟ್ಟ ದುಡ್ಡಿಗೆ ಬಡ್ಡಿ ಕಟ್ಟೋದಕ್ಕೆ ಒಪ್ಪೋದಿಲ್ಲ. ಬಾಯಲ್ಲಿ ಆ ಉತ್ತರ ಬಂದ ಮೇಲೆ ‘ಬಾಕಿ’ ಅನ್ನುವ ಕಾಲಮ್ಮು ಯಾಕಿದೆ ಅಂತ ಅವರಿಗೇ ಗೊತ್ತಾಗುತ್ತದೆ.

ಆಮೇಲೆ ಹಾಳೆ. ಮೊದಲು ಪೂರ್ತಿ ಬರೆದ ಒಂದು ಪುಟ ಕೊಡಿ, ಅದನ್ನು ಓದಿ ಪಕ್ಕದವರಿಗೆ ವಿವರಿಸಲಿ. ಎರಡನೇ ಪುಟದಲ್ಲಿ ಬಡ್ಡಿ ಮತ್ತು ಬಾಕಿಯ ಮನೆ ಮಾತ್ರ ಖಾಲಿ ಬಿಡಿ. ಮೂರನೆಯದು ಪೂರ್ತಿ ಖಾಲಿ. ಹೊಸಬರಿಗೆ ಖಾಲಿ ಹಾಳೆ ಕೊಟ್ಟು ‘ಬರೀರಿ’ ಅನ್ನೋದಕ್ಕಿಂತ ಬಿಡಿಸಿ ತೋರಿಸಿದ ಲೆಕ್ಕದಿಂದ ಶುರು ಮಾಡೋದು ಮೇಲು ಅಂತ ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ತೋರಿಸಿದರು. ತಲೆ ಒಂದು ಹೊತ್ತಿನಲ್ಲಿ ಹಿಡಿದುಕೊಳ್ಳುವ ಹೊಸ ವಿಷಯ ಸುಮಾರು ನಾಲ್ಕೇ. ನಗದು ಪುಸ್ತಕ, ಸಾಲದ ಖಾತೆ, ಉಳಿತಾಯ ಖಾತೆ, ಠರಾವು ಪುಸ್ತಕ, ಪಾಸ್ ಪುಸ್ತಕ ಎಲ್ಲವನ್ನೂ ಒಂದೇ ಮುಂಜಾನೆ ಬಿಚ್ಚಿಟ್ಟರೆ ಏನು ಉಳಿಯುತ್ತದೆ ಹೇಳಿ?

ನಾಲ್ಕನೇ ಪುಟ ನನಗೆ ಎಲ್ಲಕ್ಕಿಂತ ಇಷ್ಟದ್ದು. ಅದರಲ್ಲಿ ಬೇಕಂತಲೇ ಮೂರು ತಪ್ಪು ಹಾಕಿರಿ. ಎರಡನೇ ತಿಂಗಳ ಬಡ್ಡಿ 200 ಅಂತ ಇರಲಿ. ಒಬ್ಬರ ದಂಡದ ಹಣ ಉಳಿತಾಯಕ್ಕೆ ಸೇರಿರಲಿ. ಮೊತ್ತದಲ್ಲಿ ಒಂದು ಸೊನ್ನೆ ಜಾಸ್ತಿ ಇರಲಿ. ‘ಮೂರು ತಪ್ಪಿವೆ, ಹುಡುಕಿ’ ಅಂದರೆ ಕೋಣೆಯ ತೂಕಡಿಕೆ ಹಾರಿಹೋಗುತ್ತದೆ. ಬೇರೆಯವರ ತಪ್ಪು ಹುಡುಕೋದರಲ್ಲಿ ನಾವೆಲ್ಲ ಹುಷಾರು, ಅಲ್ವಾ?

ಇನ್ನೊಂದು ಮಾತು ಪುಸ್ತಕದ ಬಗ್ಗೆ. ಬೆಳಿಗ್ಗೆ ಹತ್ತು ಉಳಿತಾಯದ ಲೆಕ್ಕ, ಮಧ್ಯಾಹ್ನ ಹತ್ತು ಸಾಲದ ಲೆಕ್ಕ ಮಾಡಿಸುತ್ತೀರಿ. ಎಲ್ಲರೂ ಸರಿ ಮಾಡುತ್ತಾರೆ. ಸಭೆಯಲ್ಲಿ ದುಡ್ಡು ಹಾಗೆ ಸಾಲಾಗಿ ಬರೋದಿಲ್ಲವಲ್ಲ. ಒಬ್ಬಳು ಉಳಿತಾಯ ಕಟ್ಟುತ್ತಾಳೆ, ಇನ್ನೊಬ್ಬಳು ಸಾಲ ಮತ್ತು ದಂಡ ಒಟ್ಟಿಗೆ ಕೊಡುತ್ತಾಳೆ, ಮೂರನೆಯವಳು ಐನೂರರ ನೋಟು ಕೊಟ್ಟು ಚಿಲ್ಲರೆ ಕೇಳುತ್ತಾಳೆ. ಯಾವ ದುಡ್ಡು ಯಾವ ಮನೆಗೆ ಅನ್ನೋದೇ ಕಷ್ಟ. ಅದನ್ನೇ ನಾವು ಕಲಿಸಿರೋದಿಲ್ಲ. ಡೌಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದ ವಿದ್ಯಾರ್ಥಿಗಳು ಅಭ್ಯಾಸದ ಹೊತ್ತಿಗೆ ಶೇ. 89 ಸರಿ ಮಾಡಿದರು. ಬೆರೆಸಿ ಮಾಡಿದವರದ್ದು ಶೇ. 60. ವಾರ ಬಿಟ್ಟು ನೋಡಿದಾಗ ಸಾಲಾಗಿ ಮಾಡಿದವರು ಶೇ. 20ಕ್ಕೆ ಕುಸಿದಿದ್ದರು, ಬೆರೆಸಿ ಮಾಡಿದವರು ಶೇ. 63ರಲ್ಲೇ ಇದ್ದರು. ಮತ್ತೆ ಅದೇ ಕತೆ. ಆವತ್ತು ಸಲೀಸಾಗಿದ್ದು ವಾರಕ್ಕೆ ಉಳಿಯಲಿಲ್ಲ. ಆದ್ದರಿಂದ ನಿಜವಾದ ನಾಣ್ಯ, ನೋಟು ಇಟ್ಟುಕೊಂಡು ಒಂದು ಸುಳ್ಳು ಸಭೆ ನಡೆಸಿ. ಗದ್ದಲ ಇರಲಿ. ಮಗು ಅಳುತ್ತಿದ್ದರೂ ಇರಲಿ.

ಕೃಷಿಯವರು ಇಷ್ಟು ಹೊತ್ತು ಸುಮ್ಮನೆ ಕೂತಿದ್ದೀರಿ. ನಿಮ್ಮ ಕಡೆ ಬರುತ್ತೇನೆ. ವಿಜಯಪುರದ ದ್ರಾಕ್ಷಿ ತೋಟದವರಿಗೆ ಬಳ್ಳಿಯ ರೋಗ ತಡೆಯೋದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡೋದನ್ನು ಕಲಿಸುತ್ತೀರಿ. ಶೇ. 1ರ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಬೇಕು, ಕಬ್ಬಿಣದ ಪಾತ್ರೆ ಕೂಡದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಮಾಡಿದ ದಿನವೇ ಹೊಡೆಯಬೇಕು.

ಈ ಪಾಠವನ್ನು ಎಷ್ಟೋ ಜನ 1882ರ ಕತೆಯಿಂದ ಶುರು ಮಾಡುತ್ತಾರೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿ ಪಕ್ಕದ ದ್ರಾಕ್ಷಿಯನ್ನು ದಾರಿಹೋಕರು ಕೀಳಬಾರದು ಅಂತ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿದಿದ್ದರು. ಆ ಬಳ್ಳಿಗಳಿಗೆ ಡೌನಿ ಅನ್ನುವ ಬೂಷ್ಟು ರೋಗ ತಗುಲದಿರೋದನ್ನು ಮಿಲಾರ್ಡೆ ಅನ್ನುವ ಸಸ್ಯಶಾಸ್ತ್ರಜ್ಞರು ನೋಡಿದರು. ಒಳ್ಳೆಯ ಕತೆ. ನನಗೂ ಇಷ್ಟ. ಆದರೆ ತಿಂಗಳು ಬಿಟ್ಟು ಕೇಳಿದರೆ ರೈತರಿಗೆ ಆ ಕಳ್ಳತನದ ಕತೆ ನೆನಪಿರುತ್ತದೆ, ಯಾವುದನ್ನು ಯಾವುದಕ್ಕೆ ಸುರಿಯಬೇಕು ಅನ್ನೋದು ಮರೆತಿರುತ್ತದೆ. ಕತೆ ಹೇಳಲೇಬೇಕು ಅನಿಸಿದರೆ ಊಟದ ಹೊತ್ತಿಗೆ ಹೇಳಿ.

ಕ್ಲಾಸಿನ ಹೊತ್ತು ಕುಡುಗೋಲಿಗೆ ಇರಲಿ. ದ್ರಾವಣ ಆದ ಮೇಲೆ ಅದರಲ್ಲಿ ಉಜ್ಜಿ ತೊಳೆದ ಕುಡುಗೋಲೋ ಚಾಕುವೋ ಅದ್ದಿ ಹಿಡಿಯಬೇಕು. ತೆಗೆದಾಗ ಕಬ್ಬಿಣದ ಮೇಲೆ ಕೆಂಪು ಬಣ್ಣ ಹತ್ತಿದ್ದರೆ ಮೈಲುತುತ್ತದ ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಅರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಬೇಕು. ಈ ಪರೀಕ್ಷೆಯಲ್ಲಿ ದೊಡ್ಡ ಗುಣ ಏನು ಗೊತ್ತಾ? ಸರಿಯೋ ತಪ್ಪೋ ಅಂತ ಹೇಳೋದಕ್ಕೆ ನೀವು ಅಲ್ಲಿ ಇರಬೇಕಾಗಿಲ್ಲ. ನೀವು ಜೀಪ್ ಹತ್ತಿ ಹೋದ ಮೇಲೂ ಕುಡುಗೋಲು ಹೇಳುತ್ತದೆ. ಅದಕ್ಕೇ ತರಬೇತಿಯಲ್ಲಿ ಒಂದು ಡ್ರಮ್ಮಿಗೆ ಬೇಕಂತಲೇ ಸುಣ್ಣ ಕಡಿಮೆ ಹಾಕಿ. ಕೆಂಪು ಹತ್ತೋದನ್ನು ಅವರ ಕೈಯಲ್ಲೇ ನೋಡಲಿ, ಸುಣ್ಣ ಸೇರಿಸಿ ತಿದ್ದೋದನ್ನೂ ಅವರೇ ಮಾಡಲಿ. ನೀವು ಕೈ ಕಟ್ಟಿ ನಿಲ್ಲಿ. ಇದು ತರಬೇತುದಾರರಿಗೆ ಬಹಳ ಕಷ್ಟದ ಕೆಲಸ, ನಮ್ಮ ಕೈ ಸುಮ್ಮನಿರೋದಿಲ್ಲ.

ಯಾವಾಗ ಕಲಿಸಬೇಕು? ಬಜೆಟ್ ಬಂದಾಗ ಅಲ್ಲ. ಮಾರ್ಚ್ ಮುಗಿಯೋದರೊಳಗೆ ದುಡ್ಡು ಖರ್ಚಾಗಬೇಕು ಅಂತ ಕೊನೇ ವಾರದಲ್ಲಿ ತರಬೇತಿ ಮೇಲೆ ತರಬೇತಿ ಇಡುತ್ತೇವೆ. ದ್ರಾಕ್ಷಿಯವರಿಗೆ ವರ್ಷಕ್ಕೆ ಎರಡು ಚಾಟ್ನಿ (ಬಳ್ಳಿ ಕತ್ತರಿಸೋದು), ಏಪ್ರಿಲ್‌ದು ಮತ್ತು ಅಕ್ಟೋಬರ್‌ದು. ಅಕ್ಟೋಬರ್ ಚಾಟ್ನಿ ಆದ ಮೇಲೆ ಮೋಡ, ಮಳೆ ಬಂದರೆ ಡೌನಿ ಭಯ. ಆಗ ಬೇಕಾಗುವ ವಿಷಯವನ್ನು ಮಾರ್ಚಿನಲ್ಲಿ ಹೇಳಿದರೆ ಯಾರ ತಲೆಯಲ್ಲಿ ಕೂರುತ್ತದೆ? ಚಾಟ್ನಿಯ ಹಿಂದಿನ ವಾರ ತೋಟಕ್ಕೇ ಹೋಗಿ. ಇಂಡೊನೇಷ್ಯಾದಲ್ಲಿ 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ನೆರವಿನಿಂದ ಶುರುವಾದ ರೈತರ ಹೊಲ ಪಾಠಶಾಲೆ ನಡೆದದ್ದು ಇದೇ ದಾರಿಯಲ್ಲಿ. ಭತ್ತದ ಇಡೀ ಹಂಗಾಮು, ವಾರಕ್ಕೊಮ್ಮೆ, ಹೊಲದಲ್ಲೇ. ರೈತರು ಗುಂಪಾಗಿ ಗದ್ದೆಗಿಳಿದು ಹುಳ ಎಣಿಸೋದು, ಕಂಡದ್ದನ್ನು ದೊಡ್ಡ ಹಾಳೆಯಲ್ಲಿ ಚಿತ್ರ ಬರೆಯೋದು, ಈ ವಾರ ಔಷಧ ಹೊಡೆಯಬೇಕಾ ಬೇಡವಾ ಅಂತ ತಾವೇ ತೀರ್ಮಾನ ಮಾಡೋದು. ಮುಂದಿನ ವಾರ ಅದೇ ಗದ್ದೆಗೆ ಹೋದರೆ ತೀರ್ಮಾನ ಸರಿ ಇತ್ತಾ ಅನ್ನೋದು ಕಣ್ಣ ಮುಂದೆ.

ಹೊಲಿಗೆಯವರಿಗೆ ಒಂದೇ ಮಾತು, ಆದರೆ ದೊಡ್ಡ ಮಾತು. ಮೊದಲ ವಾರ ನೀವು ಅಳತೆ, ಸೂತ್ರ, ಪೇಪರ್ ಕಟಿಂಗ್ ಅಂತ ಶುರು ಮಾಡುತ್ತೀರಿ. ಎರಡನೇ ವಾರಕ್ಕೆ ಅರ್ಧ ಜನ ಬಿಟ್ಟಿರುತ್ತಾರೆ. ಆಗಲೇ ಹೇಳಿದ ಜೀನ್ ಲೇವ್ 1970ರ ದಶಕದಲ್ಲಿ ಆಫ್ರಿಕಾದ ಲೈಬೀರಿಯಾದ ದರ್ಜಿಗಳ ಹತ್ತಿರ ಕೂತು ಅವರ ಶಿಷ್ಯರು ಹೇಗೆ ಕಲಿಯುತ್ತಾರೆ ಅಂತ ನೋಡಿದರು. ಅಲ್ಲಿ ಕಲಿಕೆ ಬಾಲದಿಂದ ಶುರು. ಮೊದಲು ಗುಂಡಿ ಹಚ್ಚೋದು, ಅಂಚು ಮಡಚಿ ಹೊಲಿಯೋದು, ಇಸ್ತ್ರಿ. ಆಮೇಲೆ ಕತ್ತರಿಸಿಟ್ಟ ಬಟ್ಟೆಯನ್ನು ಜೋಡಿಸೋದು. ಕತ್ತರಿ ಕೈಗೆ ಸಿಗೋದು ಕೊನೆಗೆ. ಬಟ್ಟೆ ಕೆಟ್ಟರೆ ನಷ್ಟ ಜಾಸ್ತಿ ಆಗುವ ಕೆಲಸ ಕೊನೆಗೆ, ತಪ್ಪಾದರೂ ಬಿಚ್ಚಿ ಹೊಲಿಯಬಹುದಾದದ್ದು ಮೊದಲು. ನಮ್ಮ ಇಳಕಲ್ಲಿನ ನೇಕಾರರ ಮನೆಗಳಲ್ಲೂ ಹೊಸಬರನ್ನು ಯಾರೂ ಮೊದಲ ದಿನವೇ ಕೊಂಡಿ ಹಾಕೋದಕ್ಕೆ, ಅಂದರೆ ಸೀರೆಯ ಒಡಲಿಗೆ ಸೆರಗಿನ ಎಳೆ ಜೋಡಿಸೋದಕ್ಕೆ, ಕೂರಿಸೋದಿಲ್ಲ. ಕಂಡಿಕೆಗೆ ನೂಲು ಸುತ್ತೋದು ಮೊದಲು.

ನೀವು ಸೀರೆಗೆ ಫಾಲ್ ಹಚ್ಚೋದು, ಪಿಕೊ ಮಾಡೋದರಿಂದ ಶುರು ಮಾಡಿ. ಬ್ಲೌಸಿಗೆ ಹುಕ್ಕು, ಕಾಜಾ. ಮೊದಲ ವಾರದಲ್ಲೇ ಓಣಿಯವರ ಸೀರೆ ಬರುತ್ತದೆ, ನಾಲ್ಕು ಕಾಸೂ ಬರುತ್ತದೆ. ನಾಲ್ಕು ಕಾಸು ಕಂಡ ಮೇಲೆ ಮನೆಯವರು ಕ್ಲಾಸಿಗೆ ಹೋಗಬೇಡ ಅನ್ನೋದಿಲ್ಲ.

ಇನ್ನು ಎರಡು ಸುಳ್ಳುಗಳನ್ನು ಬೇಗ ಮುಗಿಸಿಬಿಡುತ್ತೇನೆ. ‘ಓದಿದ್ದು ಶೇ. 10 ನೆನಪಿರುತ್ತದೆ, ಕೇಳಿದ್ದು ಶೇ. 20, ಮಾಡಿದ್ದು ಶೇ. 90’ ಅನ್ನುವ ತ್ರಿಕೋನದ ಸ್ಲೈಡ್ ನಿಮ್ಮಲ್ಲಿ ಬಹಳ ಜನರ ಲ್ಯಾಪ್‌ಟಾಪ್‌ನಲ್ಲಿದೆ. ಅದರ ಮೂಲ ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಬರೆದ ಆಕೃತಿ; ಅದರಲ್ಲಿ ಅಂಕಿಗಳೇ ಇರಲಿಲ್ಲ, ಆಮೇಲೆ ಯಾರೋ ಸೇರಿಸಿದರು. ಅಳಿಸಿಹಾಕಿ. ಇನ್ನೊಂದು, ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಹಾಗಾಗಿ ಅವರವರಿಗೆ ಬೇರೆ ಬೇರೆ ಪಾಠ ಬೇಕು ಅನ್ನೋದು. 2008ರಲ್ಲಿ ಹ್ಯಾರೋಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು ಇದ್ದ ಸಂಶೋಧನೆಗಳನ್ನೆಲ್ಲ ಜಾಲಾಡಿದರೂ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ.

“ವಯಸ್ಸಾದವರ ತಲಿಗಿ ಹತ್ತೂದಿಲ್ರಿ,” ಅಂತ ಒಬ್ಬರು ನಡುವೆ ಅಂದರು. ಸಂಬಂಧವಿಲ್ಲದ ಹೊಸ ವಿಷಯವನ್ನು ಗಬಕ್ಕನೆ ಹಿಡಿಯುವ ವೇಗ ವಯಸ್ಸಿನ ಜೊತೆ ಕಡಿಮೆಯಾಗುತ್ತದೆ, ನಿಜ. ಬದುಕಿನಿಂದ ಕೂಡಿಟ್ಟ ತಿಳಿವಳಿಕೆ ಹಾಗೆ ಇಳಿಯೋದಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ 1956ರಿಂದ ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೂ ಬುದ್ಧಿಯ ಎಲ್ಲ ಶಕ್ತಿಗಳೂ ಒಟ್ಟಿಗೆ ಕುಗ್ಗೋದಿಲ್ಲ ಅಂತ ತೋರಿಸಿತು. ಗೊತ್ತಿರೋದಕ್ಕೆ ಗಂಟು ಹಾಕಿ ಕೊಟ್ಟರೆ ದೊಡ್ಡವರು ಬೇಗ ಹಿಡಿಯುತ್ತಾರೆ. ಮತ್ತೆ ತಲೆಯನ್ನು ಬೈಯುವ ಮೊದಲು ಕಣ್ಣು ಕೇಳಿ. ನಲವತ್ತು ದಾಟಿದವರಿಗೆ ಚಾಳೀಸು ಬಂದಿರುತ್ತದೆ, ಸಣ್ಣ ಅಕ್ಷರದ ನಮೂನೆ ಕಾಣೋದಿಲ್ಲ, ಕಾಣೋದಿಲ್ಲ ಅಂತ ಹೇಳೋದಕ್ಕೆ ಸಂಕೋಚ. ಎರಡು ಮೂರು ಚಾಳೀಸು ಮೇಜಿನ ಮೇಲೆ ಇಟ್ಟಿರಿ. ಬೆಳಗಾವಿ ಕಡೆ ಕೆಲಸ ಮಾಡುವವರು ಇನ್ನೊಂದನ್ನು ಗಮನಿಸಿ: ಮರಾಠಿ ಮನೆಮಾತಿನವರು ಗುಂಪಿನಲ್ಲಿ ಮರಾಠಿಯಲ್ಲೇ ಚರ್ಚೆ ಮಾಡಲಿ, ಉತ್ತರ ಯಾವ ಭಾಷೆಯಲ್ಲಿ ಬಂದರೂ ಲೆಕ್ಕ ಒಂದೇ.

ಕಲಿತರು, ನೆನಪೂ ಇದೆ, ಆದರೂ ಮಾಡೋದಿಲ್ಲ. ಇದು ನಮ್ಮೆಲ್ಲರ ತಲೆನೋವು. 1988ರಲ್ಲಿ ಬಾಲ್ಡ್‌ವಿನ್ ಮತ್ತು ಫೋರ್ಡ್ ತರಬೇತಿ ಕೆಲಸಕ್ಕೆ ಇಳಿಯೋದರ ಬಗ್ಗೆ ಬರೆದಾಗ ಮೂರನ್ನು ನೋಡಿ ಅಂದರು: ಕಲಿಯುವವರು, ಕಲಿಸುವ ರೀತಿ, ಕೆಲಸದ ಜಾಗ. ಮೊದಲ ಎರಡರ ಬಗ್ಗೆಯೇ ನಾವು ತಲೆ ಕೆಡಿಸಿಕೊಳ್ಳುತ್ತೇವೆ, ಮೂರನೆಯದನ್ನು ಮರೆಯುತ್ತೇವೆ. ಸೊಸೆ ಹೈನುಗಾರಿಕೆ ತರಬೇತಿಗೆ ಬಂದು, ಕರುವಿಗೆ ಹುಟ್ಟಿದ ಕೂಡಲೇ ಗಿಣ್ಣದ ಹಾಲು ಕುಡಿಸಬೇಕು ಅಂತ ಕಲಿತು ಹೋಗುತ್ತಾಳೆ. ಮನೆಯಲ್ಲಿ ಅತ್ತೆ, “ಸತ್ತಿ ಬೀಳೂತನಕ ಕುಡಿಸಬಾರದು, ಸುಮ್ಮನಿರು” ಅನ್ನುತ್ತಾರೆ. ಸತ್ತಿ ಅಂದರೆ ಮಾಸು, ಗೊತ್ತಲ್ಲ. ಅಲ್ಲಿಗೆ ನಮ್ಮ ತರಬೇತಿ ಮುಗಿಯಿತು. ಇದಕ್ಕೆ ಎರಡು ಕೆಲಸ ಮಾಡಿ. ಮೊದಲನೆಯದು, ಅಂಥ ವಿಷಯಕ್ಕೆ ಅತ್ತೆಯನ್ನೂ ಕರೆಯಿರಿ. ದೊಡ್ಡವರಾಗಿ ಬಂದು ನಾಲ್ಕು ಮಾತು ಹೇಳಿ ಅಂತ ಮರ್ಯಾದೆಯಿಂದ ಕರೆದರೆ ಬರುತ್ತಾರೆ. ಬಂದವರು ಕೇಳಿಸಿಕೊಂಡೂ ಹೋಗುತ್ತಾರೆ.

ಎರಡನೆಯದು, ಮನೆಗೆ ಹೊರಡುವ ಮೊದಲು ಪ್ರತಿಯೊಬ್ಬರೂ ಒಂದು ಸಾಲು ಬರೆಯಲಿ. ‘ನಾನು ಪುಸ್ತಕ ಸರಿಯಾಗಿ ಬರೆಯುತ್ತೇನೆ’ ಅನ್ನುವ ಪ್ರತಿಜ್ಞೆ ಬೇಡ. ‘ಶುಕ್ರವಾರ ಸಭೆ ಮುಗಿದ ಕೂಡಲೇ, ಚಾಪೆ ಮಡಚುವ ಮೊದಲು, ಪೆಟ್ಟಿಗೆಯ ದುಡ್ಡು ಎಣಿಸಿ ಪುಸ್ತಕದ ಬಾಕಿಗೆ ತಾಳೆ ನೋಡುತ್ತೇನೆ’ ಅಂತ ಬರೆಯಲಿ. ಯಾವಾಗ, ಎಲ್ಲಿ, ಯಾವುದರ ಬೆನ್ನಿಗೆ ಅಂತ ಮೊದಲೇ ಗೊತ್ತು ಮಾಡಿಕೊಂಡವರು ಅಂದುಕೊಂಡದ್ದನ್ನು ಮಾಡೋದು ಜಾಸ್ತಿ ಅಂತ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1999ರಲ್ಲಿ ತೋರಿಸಿದರು. ಆ ಸಾಲನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ ಬಿಡಲಿ.

ಕೊನೆಗೆ ಬಂದ ಪ್ರಶ್ನೆ: “ಇಷ್ಟೆಲ್ಲ ಮಾಡಿದರ ಮೂರು ದಿನದಾಗ ಪಠ್ಯ ಮುಗಿಯೂದಿಲ್ಲ. ಏನ ಬಿಡಬೇಕ್ರಿ?”

ಬಿಡಿ. ಧೈರ್ಯವಾಗಿ ಬಿಡಿ. ಉದ್ಘಾಟನೆಯ ಅರ್ಧ ದಿನ ಮೊದಲು ಬಿಡಿ. ಗಣ್ಯರು ಸಮಾರೋಪಕ್ಕೆ ಬರಲಿ. ಯೋಜನೆಯ ಇತಿಹಾಸ, ಯಾವ ಸಚಿವಾಲಯ, ಯಾವ ವರ್ಷ ಅನ್ನುವ ಸ್ಲೈಡ್‌ಗಳನ್ನು ಬಿಡಿ. ಉಳಿದದ್ದರ ಪಟ್ಟಿ ಮಾಡಿ, ಒಂದೊಂದರ ಮುಂದೆಯೂ ‘ಮುಂದಿನ ಅಮಾವಾಸ್ಯೆಯ ಒಳಗೆ ಇದನ್ನು ಇವರು ಬಳಸುತ್ತಾರಾ?’ ಅಂತ ಬರೆದು ನೋಡಿ. ಇಲ್ಲ ಅಂದರೆ ಅದನ್ನು ಮುಂದಿನ ಸುತ್ತಿಗೆ ತಳ್ಳಿ. ಸಾಧ್ಯವಾದರೆ ಮೂರು ದಿನವನ್ನು ಒಟ್ಟಿಗೆ ಇಡಬೇಡಿ. ಎರಡು ದಿನ ಈಗ, ಮೂರನೆಯದು ತಿಂಗಳು ಬಿಟ್ಟು. ಆ ಮೂರನೇ ದಿನಕ್ಕೆ ಅವರು ತಮ್ಮ ಸಂಘದ ನಿಜವಾದ ಪುಸ್ತಕ ಹಿಡಿದುಕೊಂಡೇ ಬರಬೇಕು ಅಂತ ಮೊದಲೇ ಹೇಳಿರಿ. ನೀವು ಆವತ್ತು ಹೊಸ ಪಾಠ ಏನನ್ನೂ ಒಯ್ಯಬೇಡಿ. ಪುಸ್ತಕ ತೆರೆಸಿ, ಎರಡನೇ ತಿಂಗಳ ಬಡ್ಡಿಯ ಮನೆಯಲ್ಲಿ ಏನು ಬರೆದಿದ್ದಾರೆ ಅಂತ ನೋಡಿ, ಅಲ್ಲಿಂದ ಶುರು ಮಾಡಿ.